ಮನೆ ಹಿಂದಿನ ಎರೆ ಹೊಲದಲ್ಲಿ ಬಡಾವಣೆ ಬರುತ್ತಿದೆ, ಅನುಭವ ಇದ್ದವರು ಹೇಳಿ

ನಮ್ಮದು ಬಳ್ಳಾರಿ, ಸಿರುಗುಪ್ಪ ರಸ್ತೆಯ ಕಡೆಗಿನ ಅರವತ್ತು ಮನೆಗಳ ಹಳೆಯ ಓಣಿ. ಹಿಂದೆ ಇಪ್ಪತ್ತೆರಡು ಎಕರೆ ಎರೆ ಹೊಲ. ಹೋದ ವರ್ಷದವರೆಗೂ ಹತ್ತಿ, ಕಡಲೆ ಬೆಳೆಯುತ್ತಿದ್ದರು. ಈಗ ತಲೆಗೆ ಕೆಂಪು ಬಣ್ಣ ಬಳಿದ ಕಲ್ಲುಗಳನ್ನು ನೆಟ್ಟಿದ್ದಾರೆ, ದಿನವೂ ಟಿಪ್ಪರ್‌ಗಳಲ್ಲಿ ಗರಸು ಬಂದು ಬೀಳುತ್ತಿದೆ. ಹೊಲದ ನಡುವೆ ಒಂದು ಹಳ್ಳ ಇದೆ. ಮಳೆಗಾಲದಲ್ಲಿ ನಮ್ಮ ಓಣಿಯ ನೀರೆಲ್ಲ ಹೋಗುವುದು ಅದಕ್ಕೇ. ನಲ್ಲಿಯಲ್ಲಿ ನೀರು ಬರುವುದು ಈಗಲೇ ವಾರಕ್ಕೊಮ್ಮೆ. ನಿವೇಶನ ಮಾರುವವರನ್ನು ಕೇಳಿದರೆ ‘ಎಲ್ಲ ಅನುಮೋದನೆ ಆಗಿದೆ’ ಎನ್ನುತ್ತಾರೆ, ಕಾಗದ ಮಾತ್ರ ತೋರಿಸುವುದಿಲ್ಲ. ಓಣಿಯ ಅರ್ಧ ಜನ ಜಾಗದ ಬೆಲೆ ಏರುತ್ತದೆಂದು ಖುಷಿಯಲ್ಲಿದ್ದಾರೆ. ನಾನು ಶಾಲೆಯಲ್ಲಿ ಪಾಠ ಮಾಡುವವಳು, ಕಚೇರಿ ಸುತ್ತಿದ ಅಭ್ಯಾಸವಿಲ್ಲ. ಎಲ್ಲಿಂದ ಶುರು ಮಾಡಲಿ?

ರಾಯಚೂರಿನಿಂದ

ಅಕ್ಕಾ, ಮೊದಲು ನಾವು ಮಾಡಿದ ತಪ್ಪು ಹೇಳುತ್ತೇನೆ. ನಮ್ಮ ಕಡೆ ಬಡಾವಣೆ ಬಂದಾಗ ನಲವತ್ತು ಜನ ಸಹಿ ಹಾಕಿ ‘ನಮಗೆ ಈ ಬಡಾವಣೆ ಬೇಡ’ ಎಂದು ಮನವಿ ಕೊಟ್ಟೆವು. ಅಧಿಕಾರಿ ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು: ‘ನೀವು ಮನೆ ಕಟ್ಟಿಕೊಂಡ ಜಾಗವೂ ಇಪ್ಪತ್ತು ವರ್ಷದ ಹಿಂದೆ ಹೊಲವೇ ಆಗಿತ್ತಲ್ಲವೇ?’ ನಮ್ಮ ಬಾಯಿ ಕಟ್ಟಿತು. ಹೊಲದ ಯಜಮಾನನಿಗೆ ಮಾರುವ ಹಕ್ಕಿದೆ, ಊರು ಬೆಳೆಯುತ್ತದೆ, ಅದನ್ನು ತಡೆಯಲು ನಾವು ಯಾರು? ಹಳ್ಳದ ಮಾತನ್ನು ಆ ಮನವಿಯಲ್ಲಿ ನಾವು ಎತ್ತಿರಲೇ ಇಲ್ಲ.

ಎರೆ ಭೂಮಿಯ ಗುಣ ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಮೊಣಕೈವರೆಗೂ ತೋಳು ಇಳಿಯುವಷ್ಟು ಬಿರುಕು ಬಿಡುತ್ತದೆ. ಮಳೆ ಬಿದ್ದು ಒಮ್ಮೆ ಉಬ್ಬಿ ಬಿರುಕು ಮುಚ್ಚಿತೆಂದರೆ ನೀರು ಒಳಗೆ ಇಂಗುವುದು ಬಹಳ ನಿಧಾನ. ನೀರು ಹರಿದೇ ಹೋಗಬೇಕು. ಅಂಥ ನೆಲದ ಮೇಲೆ ಅವರು ಮೂರು ಅಡಿ ಗರಸು ಹಾಕಿ ಎತ್ತರಿಸಿದರು. ಎರೆಯ ಮೇಲೆ ಮನೆ ನಿಲ್ಲಬೇಕಾದರೆ ಹಾಕಲೇಬೇಕು, ಅದು ತಪ್ಪಲ್ಲ. ಆದರೆ ನಮ್ಮ ಓಣಿ ಬಟ್ಟಲಿನ ತಳವಾಯಿತು. ಎರಡು ಎತ್ತಿನ ಬಂಡಿ ಅಕ್ಕಪಕ್ಕ ಹೋಗುವಷ್ಟು ಅಗಲವಿದ್ದ ಹಳ್ಳವನ್ನು ಒಂದು ಪೈಪಿನೊಳಗೆ ತೂರಿಸಿ ಮೇಲೆ ರಸ್ತೆ ಮಾಡಿದ್ದರು. ಆ ವರ್ಷದ ಮೊದಲ ದೊಡ್ಡ ಮಳೆಗೆ ರಾತ್ರಿ ಎರಡು ಗಂಟೆಗೆ ಎಚ್ಚರವಾದಾಗ ಮಂಚದ ಕೆಳಗಿದ್ದ ಚಪ್ಪಲಿ ಬಾಗಿಲ ಬಳಿ ತೇಲುತ್ತಿತ್ತು. ಅಕ್ಕಿ, ಜೋಳದ ಚೀಲ ಎರಡೂ ಹೋದವು. ಅಮ್ಮ ಇಂದಿಗೂ ಮಳೆ ಮೋಡ ಕಂಡರೆ ಚೀಲಗಳನ್ನು ಕಟ್ಟೆಯ ಮೇಲೆ ಏರಿಸುತ್ತಾರೆ.

ಆಮೇಲೆ ಬುದ್ಧಿ ಬಂತು. ಹಳ್ಳದ ದಾಖಲೆ ಹುಡುಕಿದೆವು. ಆ ಸರ್ವೆ ನಂಬರಿನ ಪಹಣಿ ತೆಗೆಸಿ, ವಿಸ್ತೀರ್ಣದ ಕಾಲಂನಲ್ಲಿ ಖರಾಬು ಎಷ್ಟು ಬರೆದಿದೆ ನೋಡಿ. ‘ಎ’ ಖರಾಬು ಎಂದರೆ ಬಂಡೆ ಮುಂತಾದ, ಸಾಗುವಳಿಗೆ ಬಾರದ ಜಾಗ. ‘ಬಿ’ ಖರಾಬು ಎಂದರೆ ಹಳ್ಳ, ದಾರಿ, ಕೆರೆಯಂಥ ಸಾರ್ವಜನಿಕರ ಜಾಗ. ಅದನ್ನು ಹೊಲದ ಯಜಮಾನನೂ ಮಾರುವಂತಿಲ್ಲ. ಅದರ ಜೊತೆಗೆ ಗ್ರಾಮ ನಕ್ಷೆ ತೆಗೆಸಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಹಳ್ಳದ ದಂಡೆಯಲ್ಲಿ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದೂ ತೋರಿಸುತ್ತದೆ. ನಮ್ಮ ಎರಡನೇ ಅರ್ಜಿ ಒಂದೇ ಪುಟದ್ದು: ಇಷ್ಟು ಗುಂಟೆ ಬಿ ಖರಾಬು ನಕ್ಷೆಯಲ್ಲಿದೆ, ಸ್ಥಳದಲ್ಲಿಲ್ಲ. ಇದಕ್ಕೆ ಯಾರೂ ಕನ್ನಡಕ ತೆಗೆದಿಡಲಿಲ್ಲ. ಅಳತೆಗೆ ಬಂದರು, ಪೈಪ್ ಕಿತ್ತು ತೆರೆದ ಕಾಲುವೆ ಮಾಡಿಸಿದರು. ಹಳೆಯ ಅಗಲ ಪೂರ್ತಿ ಸಿಗಲಿಲ್ಲ. ಅಷ್ಟೊತ್ತಿಗೆ ಕೆಲವು ಮನೆಗಳು ಎದ್ದಿದ್ದವು. ಕೊಂಡವರೂ ನಮ್ಮಂಥವರೇ, ಅವರ ಮನೆ ಒಡೆಯಿರಿ ಎನ್ನಲು ನಾಲಿಗೆ ಏಳಲಿಲ್ಲ. ನಿಮ್ಮಲ್ಲಿ ಇನ್ನೂ ಕಲ್ಲುಗಳಷ್ಟೇ ಇವೆ. ತಡ ಮಾಡಬೇಡಿ.

ಬಳ್ಳಾರಿಯಿಂದ, ನಿವೃತ್ತ ಭೂಮಾಪಕ

ತಾಯಿ, ‘ಅನುಮೋದನೆ ಆಗಿದೆ’ ಎಂದರೆ ಯಾವುದು ಎಂದು ಕೇಳಬೇಕು. 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿನ ಭೂಪರಿವರ್ತನೆ (ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಬೇರೆ, ನಗರಾಭಿವೃದ್ಧಿ ಪ್ರಾಧಿಕಾರ ಕೊಡುವ ಬಡಾವಣೆ ನಕ್ಷೆಯ ಅನುಮೋದನೆ ಬೇರೆ. ಬಹಳ ಜನ ಮೊದಲಿನದನ್ನು ಹಿಡಿದುಕೊಂಡು ಎರಡನೆಯದೂ ಆಗಿದೆ ಎನ್ನುತ್ತಾರೆ. ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲ್ಯಾನ್) ಆ ಜಾಗ ಕೃಷಿ ವಲಯವಾಗಿದ್ದರೆ ಭೂಬಳಕೆ ಬದಲಾವಣೆ ಆಗಬೇಕು. ಅದಕ್ಕೆ ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಕರೆಯುತ್ತಾರೆ; ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಅವಧಿಯೂ ಚಿಕ್ಕದು. ವಸತಿ ವಲಯವೇ ಆಗಿದ್ದರೆ ಯಾರೂ ನಿಮ್ಮನ್ನು ಕರೆದು ಕೇಳುವುದಿಲ್ಲ, ನೀವೇ ಬರೆಯಬೇಕು.

ಜನ ಗಮನಿಸದ ಹಂತ ಇನ್ನೊಂದಿದೆ: ನಿವೇಶನ ಬಿಡುಗಡೆ. ರಸ್ತೆ, ಚರಂಡಿ, ನೀರು, ವಿದ್ಯುತ್ ಕೆಲಸ ಆದಂತೆ ಪ್ರಾಧಿಕಾರ ನಿವೇಶನಗಳನ್ನು ಕಂತಿನಲ್ಲಿ ಬಿಡುಗಡೆ ಮಾಡುತ್ತದೆ. ಕಡತ ಆ ಮೇಜಿನ ಮೇಲಿರುವಾಗ ಹಳ್ಳದ ಬಗ್ಗೆ ಒಂದು ಲಿಖಿತ ದೂರು ಸೇರಿದರೆ ಅದಕ್ಕೆ ಉತ್ತರ ಬರೆಯದೆ ಸಹಿ ಹಾಕಲು ಕೈ ಹಿಂಜರಿಯುತ್ತದೆ. ನಾನು ಕಂಡಿದ್ದೇನೆ.

ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ‘ಯಾಕೆ ಅನುಮತಿ ಕೊಟ್ಟಿರಿ’ ಎಂದು ಕೇಳಬೇಡಿ, ಉತ್ತರ ಬರುವುದಿಲ್ಲ. ‘ಅನುಮೋದಿತ ನಕ್ಷೆಯ ಪ್ರತಿ’ ಎಂದು ಕೇಳಿ. 500 ಚದರ ಮೀಟರ್ ಮೀರಿದ ಯೋಜನೆಯಾದರೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಆಗದೆ ಜಾಹೀರಾತೂ ಕೊಡುವಂತಿಲ್ಲ. ಆಗಿದ್ದರೆ ದಾಖಲೆಗಳು ಅವರ ಜಾಲತಾಣದಲ್ಲೇ ಸಿಗುತ್ತವೆ. ಮೊದಲು ಅದನ್ನು ನೋಡಿ, ಹತ್ತು ರೂಪಾಯಿಯೂ ಉಳಿಯುತ್ತದೆ. ಎಲ್ಲಿ ಅರ್ಜಿ ಕೊಟ್ಟರೂ ನಿಮ್ಮ ಪ್ರತಿಯ ಮೇಲೆ ಟಪಾಲಿನ ಮೊಹರು ಹಾಕಿಸಿಕೊಳ್ಳದೆ ಮೆಟ್ಟಿಲು ಇಳಿಯಬೇಡಿ.

ಕೊಪ್ಪಳದಿಂದ

ಮೇಲಿನ ಇಬ್ಬರೂ ಮಳೆ ನೀರಿನ ಮಾತಾಡಿದರು, ನಾನು ಕುಡಿಯುವ ನೀರಿನದು ಹೇಳುತ್ತೇನೆ. ನಮ್ಮ ಪಕ್ಕದ ಬಡಾವಣೆಗೆ ಸ್ವಂತ ಟ್ಯಾಂಕ್ ಕಟ್ಟುತ್ತೇವೆ ಎಂದಿದ್ದರು. ಕೊನೆಗೆ ನಮ್ಮ ಕೊಳವೆಗೇ ಜೋಡಿಸಿದರು. ಬಿಂದಿಗೆ ತುಂಬಲು ಮೊದಲು ಹಿಡಿಯುತ್ತಿದ್ದ ಹೊತ್ತಿನಲ್ಲಿ ಈಗ ಅರ್ಧವೂ ತುಂಬುವುದಿಲ್ಲ. ನಿಮ್ಮ ಬಳ್ಳಾರಿಯಲ್ಲಂತೂ ತುಂಗಭದ್ರೆಯ ಕಾಲುವೆ ನೀರನ್ನು ಅಲ್ಲಿಪುರ, ಮೋಕಾ ಕೆರೆಗಳಲ್ಲಿ ತುಂಬಿಟ್ಟುಕೊಂಡು ಬೇಸಿಗೆ ದಾಟಬೇಕು. ಹೊಸ ಮನೆಗಳಿಗೆ ನೀರು ಎಲ್ಲಿಂದ ಎಂದು ಲಿಖಿತವಾಗಿ ಕೇಳಿ. ‘ಬೋರ್’ ಎಂದರೆ ಅಲ್ಲಿನ ಹಳೆಯ ಬೋರ್ ನೀರನ್ನು ಒಂದು ಗುಟುಕು ಕುಡಿದು ನೋಡಲು ಹೇಳಿ. ಎರೆ ನೆಲದ ಬೋರ್ ನೀರು ಎಷ್ಟೋ ಕಡೆ ಸವಳು.

ಇನ್ನೊಂದು ಮಾತು, ಬೈಯಬೇಡಿ. ಆ ಬಡಾವಣೆ ಬಂದ ಮೇಲೆಯೇ ನಮ್ಮ ಓಣಿಗೆ ಡಾಂಬರು ಬಂತು, ಬೀದಿ ದೀಪ ಬಂತು. ಖುಷಿಯಲ್ಲಿರುವ ನಿಮ್ಮ ಅರ್ಧ ಜನ ಪೂರ್ತಿ ದಡ್ಡರಲ್ಲ. ಅವರೊಡನೆ ಜಗಳವಾಡಿದರೆ ಅರ್ಜಿಗೆ ಸಹಿ ಅರ್ಧವೇ ಬೀಳುತ್ತದೆ.

ಕೇಳಿದವರೇ, ಹದಿನೇಳು ದಿನದ ನಂತರ

ಎಲ್ಲರಿಗೂ ವಂದನೆಗಳು. ರೇರಾದಲ್ಲಿ ನಮ್ಮ ಸರ್ವೆ ನಂಬರ್ ಸಿಗಲಿಲ್ಲ. ಪಹಣಿಯಲ್ಲಿ ಹದಿನಾಲ್ಕು ಗುಂಟೆ ಬಿ ಖರಾಬು ಇದೆ, ಗ್ರಾಮ ನಕ್ಷೆಯಲ್ಲೂ ಹಳ್ಳ ಸ್ಪಷ್ಟವಾಗಿದೆ. ಭಾನುವಾರ ಹಗ್ಗ ಹಿಡಿದು ಅಳೆಯಲು ಹೋದಾಗ ಒಬ್ಬಳೇ ಅಂದುಕೊಂಡಿದ್ದೆ. ಹಗ್ಗದ ಇನ್ನೊಂದು ತುದಿ ಹಿಡಿಯಲು ಬಂದವರು ಬೆಲೆ ಏರುತ್ತದೆಂದು ಎಲ್ಲರಿಗಿಂತ ಹೆಚ್ಚು ಕುಣಿಯುತ್ತಿದ್ದ ಪಕ್ಕದ ಮನೆಯ ಯಜಮಾನರು. ಅವರ ಮನೆ ಓಣಿಯಲ್ಲೇ ತಗ್ಗಿನಲ್ಲಿದೆ. ‘ಬಡಾವಣೆ ಬರಲಿ ಟೀಚರ್, ಹಳ್ಳ ಹೋಗುವುದು ಬೇಡ’ ಎಂದರು. ಅರ್ಜಿಯಲ್ಲಿ ಅದೇ ವಾಕ್ಯ ಬರೆದೆವು, ಐವತ್ತೊಂದು ಸಹಿ ಬಿತ್ತು. ಪ್ರಾಧಿಕಾರದಲ್ಲೂ ತಹಶೀಲ್ದಾರರ ಕಚೇರಿಯಲ್ಲೂ ಮೊಹರು ಹಾಕಿಸಿಕೊಂಡಿದ್ದೇನೆ. ಅಳತೆಗೆ ಇನ್ನೂ ಯಾರೂ ಬಂದಿಲ್ಲ.

ಟಿಪ್ಪರ್ ಇಂದು ಬೆಳಿಗ್ಗೆಯೂ ಬಂದಿದೆ. ಆದರೆ ಹಳ್ಳದ ಮಗ್ಗುಲಿನ ನಾಲ್ಕು ಕೆಂಪು ಕಲ್ಲುಗಳನ್ನು ರಾತ್ರಿ ಯಾರೋ ಕಿತ್ತು ಹನ್ನೆರಡು ಹೆಜ್ಜೆ ಆಚೆ ನೆಟ್ಟಿದ್ದಾರೆ. ನಮ್ಮವರಂತೂ ಅಲ್ಲ, ಕೇಳಿ ನೋಡಿದೆ.