ಬಾರಾಲಾಚಾ ಪಾಸ್ ಹತ್ತೋಕಾಗ್ತಿಲ್ಲ, ಬೈಕಿನ ಕಾರ್ಬೊರೇಟರ್ ಜೆಟ್ ಬದಲಿಸ್ಲಾ? ಸಹಾಯ ಬೇಕು

ಮನಾಲಿ–ಲೇ ರೂಟಲ್ಲಿ ಜಿಸ್ಪಾದಲ್ಲಿ ಸಿಕ್ಕಾಕೊಂಡಿದೀವಿ, ಗೊತ್ತಿರೋರು ಹೇಳ್ರಪ್ಪಾ. ನಂದು ಹಳೇ ಕಾರ್ಬೊರೇಟರ್ ಬೈಕು, ಹಿಂದೆ ತಮ್ಮ, ಮೇಲೆ ಲಗೇಜು. ಅಟಲ್ ಟನಲ್ ದಾಟಿ ಇಲ್ಲಿವರೆಗೂ ಆರಾಮಾಗಿ ಬಂತು, ಝಿಂಗ್‌ಝಿಂಗ್‌ಬಾರ್ ಆದ್ಮೇಲೆ ಫಸ್ಟ್ ಗೇರಲ್ಲೂ ಎಳೀತಿಲ್ಲ, ಕಪ್ಪು ಹೊಗೆ ಬಿಟ್ಟು ಆಫ್ ಆಗುತ್ತೆ, ವಾಪಸ್ ಇಳಿದ್ವಿ. ಪ್ಲಗ್ ಪೂರ್ತಿ ಮಸಿ, ಉಜ್ಜಿ ಹಾಕ್ದೆ, ಏರ್ ಫಿಲ್ಟರ್ ಕ್ಲೀನ್ ಮಾಡ್ದೆ, ಏರ್ ಸ್ಕ್ರೂ ಸ್ವಲ್ಪ ಸಡಿಲ ಮಾಡ್ದೆ, ಐಡ್ಲಿಂಗ್ ಸರಿಹೋಯ್ತು ಆದ್ರೆ ಏರು ಮಾತ್ರ ಹತ್ತಲ್ಲ. ಎದುರಿಗೆ ಭಾಗಾ ನದಿ, ಹಿಮದ ಬೆಟ್ಟ, ನೋಡೋ ಮೂಡೇ ಇಲ್ಲ! ಇಲ್ಲಿನ ಮೆಕ್ಯಾನಿಕ್ ಎತ್ತರದಲ್ಲಿ ಗಾಳಿ ಕಮ್ಮಿ, ಚಿಕ್ಕ ಮೇನ್ ಜೆಟ್ (ಕಾರ್ಬೊರೇಟರಲ್ಲಿ ಪೆಟ್ರೋಲ್ ಬಿಡೋ ತೂತಿನ ಬಿಡಿಭಾಗ) ಹಾಕು ಅಂತಾನೆ, ಊರಿನ ಮೆಕ್ಯಾನಿಕ್ ಫೋನಲ್ಲಿ ಬೇಡ, ಕೆಳಗಿಳಿದ್ರೆ ಪೆಟ್ರೋಲ್ ಸಾಲದೆ ಪಿಸ್ಟನ್ ಹಿಡ್ಕೊಳ್ಳುತ್ತೆ ಅಂತಾರೆ. ಮುಂದೆ ತಂಗ್ಲಾಂಗ್ ಲಾ ಪಾಸ್ ಬೇರೆ, 5,300 ಮೀಟರ್. ಚಿಕ್ಕ ಜೆಟ್ ಹಾಕಿದ್ರೆ 3,500 ಮೀಟರಿನ ಲೇಯಲ್ಲೂ ಅದ್ರಲ್ಲೇ ಓಡಿಸ್ಬಹುದಾ, ಇಲ್ಲ ಅಲ್ಲಿ ಹಳೇದನ್ನೇ ಹಾಕ್ಬೇಕಾ?