ಪದಚರ್ಚೆ: ಲಾಂಗ್ ಐರನ್ ಹೊಡೆತಕ್ಕೆ ‘ಕೂರಿಸು’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಗಾಲ್ಫ್ ವಿಡಿಯೋ ಗೇಮ್ ಹೊಸದಾಗಿ ಆಡುವವರಿಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಡ್ರೈವ್ (ಮೊದಲ ದೂರದ ಹೊಡೆತ), ಪಟ್ (ಕುಳಿಗೆ ಉರುಳಿಸುವ ಹೊಡೆತ) ಎರಡರ ಬಗ್ಗೆಯೂ ಸಲೀಸಾಗಿ ಬರೆದಾಯಿತು. ಲಾಂಗ್ ಐರನ್ (ದೂರ ಹೊಡೆಯುವ ಒಂದು ಬಗೆಯ ಕ್ಲಬ್, ಅಂದರೆ ಕೋಲು) ಹಿಡಿದು ದೂರದಿಂದ ಗ್ರೀನ್‌ಗೆ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ, ಹೊಡೆಯುವ ಅಪ್ರೋಚ್ ಶಾಟ್‌ಗೆ ಬಂದಾಗ ಒಂದು ಕ್ರಿಯಾಪದ ತಡೆದು ನಿಲ್ಲಿಸಿದೆ. ಅದರ ಬಗ್ಗೆ ನಿಮ್ಮನ್ನು ಕೇಳೋಣ ಅಂತ ಈ ಪತ್ರ.

ಆಡುವಾಗ ನಮ್ಮ ಬಾಯಲ್ಲಿ ತಾನಾಗಿ ಬರುವ ಮಾತು ‘ಚೆಂಡನ್ನು ಗ್ರೀನ್ ಮೇಲೆ ಕೂರಿಸು’. ಒಳ್ಳೆಯ ಮಾತು. ಚಿಕ್ಕದು, ಕಣ್ಣಿಗೆ ಕಟ್ಟುತ್ತದೆ. ಒಂಬತ್ತನೇ ನಂಬರ್ ಐರನ್‌ಗೆ, ಹತ್ತಿರದ ಹೊಡೆತದ ಕ್ಲಬ್ ಆದ ವೆಜ್‌ಗೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ಆದರೆ ಮೂರನೇ ಅಥವಾ ನಾಲ್ಕನೇ ನಂಬರ್ ಐರನ್‌ಗೂ ಅದೇ ಪದ ಬಳಸಿದರೆ ಹೊಸಬರು ದಾರಿ ತಪ್ಪುತ್ತಾರೆ ಅನ್ನೋದು ನನ್ನ ಅನಿಸಿಕೆ. ‘ಕೂರಿಸು’ ಅಂದ ತಕ್ಷಣ ಅವರು ಗುರಿಯ ಗುರುತನ್ನು ಸೀದಾ ಕುಳಿಯ ಬಾವುಟದ ಮೇಲೆ ಇಡುತ್ತಾರೆ. ಚೆಂಡು ಬಾವುಟದ ಪಕ್ಕದಲ್ಲೇ ಬೀಳುತ್ತದೆ. ಬಿದ್ದು ಪುಟಿದು, ಉರುಳಿ, ಗ್ರೀನ್ ದಾಟಿ ಹಿಂದಿನ ಹುಲ್ಲಿಗೆ ಹೋಗುತ್ತದೆ. ಹೊಡೆತದಲ್ಲಿ ತಪ್ಪಿಲ್ಲ. ಗುರಿ ಇಟ್ಟ ಜಾಗ ತಪ್ಪು.

ಗಾಲ್ಫ್ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ನಿಯಮದ ಪ್ರಕಾರ ಚೀಲದಲ್ಲಿ 14 ಕ್ಲಬ್‌ಗಳವರೆಗೆ ಇಟ್ಟುಕೊಳ್ಳಬಹುದು. ಅದರಲ್ಲಿ ಐರನ್‌ಗಳಿಗೆ ನಂಬರ್ ಇರುತ್ತದೆ. ನಂಬರ್ ಕಡಿಮೆ ಆದಷ್ಟೂ ಹಿಡಿಕೋಲು ಉದ್ದ, ಮುಖ ನೆಟ್ಟಗೆ, ಚೆಂಡು ಹೋಗುವ ದೂರ ಜಾಸ್ತಿ. ಎರಡು, ಮೂರು, ನಾಲ್ಕನೇ ನಂಬರ್‌ಗಳನ್ನು ಲಾಂಗ್ ಐರನ್ ಅನ್ನುತ್ತಾರೆ. ಮೂರನೇ ನಂಬರಿನ ಮುಖ ಹಿಂದಕ್ಕೆ ವಾಲಿರೋದು 20 ಡಿಗ್ರಿ ಆಸುಪಾಸು, ಒಂಬತ್ತನೆಯದು 40 ಡಿಗ್ರಿ ಆಸುಪಾಸು. ಈ ಒಂದು ವ್ಯತ್ಯಾಸದಿಂದಲೇ ಮುಂದಿನದೆಲ್ಲ ಹುಟ್ಟುತ್ತದೆ.

ಅಮೆರಿಕದ ವೃತ್ತಿಪರ ಪಂದ್ಯಸರಣಿ ಪಿಜಿಎ ಟೂರ್‌ನ ಆಟಗಾರರ ಹಿಂದಿನ ವರ್ಷಗಳ ಸರಾಸರಿ ನೋಡಿ. ಮೂರನೇ ನಂಬರ್ ಐರನ್‌ನಿಂದ ಹೊಡೆದ ಚೆಂಡು ನೆಲ ಮುಟ್ಟುವ ಮೊದಲು ಸುಮಾರು 212 ಗಜ ಹಾರುತ್ತದೆ. ಒಂಬತ್ತನೆಯದರಿಂದ ಸುಮಾರು 148 ಗಜ. ಬ್ಯಾಕ್‌ಸ್ಪಿನ್ (ಚೆಂಡು ಹಿಮ್ಮುಖವಾಗಿ ಸುತ್ತೋದು) ಮಾತ್ರ ಇದಕ್ಕೆ ತಿರುಗಾಮುರುಗಾ. ಮೂರನೆಯದರಲ್ಲಿ ನಿಮಿಷಕ್ಕೆ ಸುಮಾರು 4,600 ಸುತ್ತು, ಒಂಬತ್ತನೆಯದರಲ್ಲಿ 8,600ರ ಹತ್ತಿರ. ಜೊತೆಗೆ ಲಾಂಗ್ ಐರನ್ ಚೆಂಡು ಇಳಿಯುವ ಕೋನವೂ ಸ್ವಲ್ಪ ಚಪ್ಪಟೆ, ವೇಗವೂ ಜಾಸ್ತಿ. ಸ್ಪಿನ್ ಕಡಿಮೆ, ಇಳಿತ ಚಪ್ಪಟೆ ಅಂದಮೇಲೆ ಚೆಂಡು ಬಿದ್ದಲ್ಲಿ ನಿಲ್ಲೋದು ಹೇಗೆ? ವಾಸ್ತವಕ್ಕೆ ಹತ್ತಿರ ಇರಬೇಕು ಅಂತ ಮಾಡಿದ ಗೇಮ್‌ಗಳು ಇದೇ ಲೆಕ್ಕವನ್ನು ಒಳಗೆ ಇಟ್ಟುಕೊಂಡಿರುತ್ತವೆ.

ಇಲ್ಲಿ ಕನ್ನಡ ನಮಗೆ ತುಂಬಾ ಅನುಕೂಲ ಮಾಡಿಕೊಡುತ್ತದೆ. ‘ಬಿದ್ದಲ್ಲೇ ನಿಂತಿತು’, ‘ಬಿದ್ದು ಉರುಳಿತು’, ‘ಬಿದ್ದು ಪುಟಿದು ಓಡಿತು’. ಒಂದೊಂದರಲ್ಲೂ ಚೆಂಡಿನ ಇಡೀ ಕಥೆ ಇದೆ, ಅಲ್ವಾ? ಮೊದಲು ಏನಾಯಿತು, ಆಮೇಲೆ ಏನಾಯಿತು ಅಂತ ಸಾಲಾಗಿ ಹೇಳೋದು ನಮ್ಮ ಮಾತಿಗೆ ಸಹಜ. ಹಾಗಾಗಿ ಕೈಪಿಡಿಯಲ್ಲಿ ಎರಡು ದೂರಗಳನ್ನು ಬೇರೆ ಬೇರೆ ಹೆಸರಿಟ್ಟು ಹೇಳಬೇಕು ಅಂದುಕೊಂಡಿದ್ದೇನೆ. ಒಂದು ‘ಬೀಳುವ ದೂರ’, ಇನ್ನೊಂದು ‘ನಿಲ್ಲುವ ದೂರ’. ಎರಡರ ನಡುವಿನದು ‘ಉರುಳು’. ಕ್ಯಾರಿ, ಟೋಟಲ್, ರೋಲ್ ಅಂತ ಗೇಮ್‌ನ ಪರದೆ ಮೇಲೆ ಬರುವ ಪದಗಳನ್ನೂ ಮೊದಲ ಸಲ ಹೇಳುವಾಗ ಪಕ್ಕದಲ್ಲಿ ಕೊಡುತ್ತೇನೆ. ಆದರೆ ವಿವರಿಸುವಾಗ ಕನ್ನಡದವೇ ಚೆನ್ನಾಗಿ ಕೆಲಸ ಮಾಡುತ್ತವೆ.

ಒಂದು ಉದಾಹರಣೆಯಲ್ಲಿ ಬಳಸಿ ತೋರಿಸುತ್ತೇನೆ, ಪದಗಳು ನಿಲ್ಲುತ್ತವಾ ನೋಡಿ.

ಬಾವುಟ 198 ಗಜ ದೂರ. ಗ್ರೀನ್‌ನ ಮುಂದಿನ ಅಂಚು 184 ಗಜ, ಹಿಂದಿನ ಅಂಚು 206 ಗಜ. ಗ್ರೀನ್ ನಮಗಿಂತ 9 ಅಡಿ ಎತ್ತರದಲ್ಲಿದೆ. ಗಾಳಿ ಇಲ್ಲ. ನಮ್ಮ ಆಟಗಾರನಿಗೆ ನಾಲ್ಕನೇ ನಂಬರಿನ ಬೀಳುವ ದೂರ 200 ಗಜ, ಐದನೆಯದು 190 ಗಜ. ಬಿದ್ದ ಮೇಲೆ ಈ ಗ್ರೀನ್‌ನಲ್ಲಿ ಎರಡೂ ಹತ್ತು ಗಜದಷ್ಟು ಉರುಳುತ್ತವೆ ಅಂತ ಇಟ್ಟುಕೊಳ್ಳಿ.

ಮೊದಲು ಎತ್ತರದ ಲೆಕ್ಕ. ಚೆಂಡು ಹೆಚ್ಚುಕಡಿಮೆ 45 ಡಿಗ್ರಿಯಲ್ಲಿ ಇಳಿಯುತ್ತಿದ್ದರೆ, ನೆಲ ಮೂರು ಅಡಿ ಮೇಲೆದ್ದಾಗ ಚೆಂಡು ಮೂರು ಅಡಿ, ಅಂದರೆ ಒಂದು ಗಜ, ಮೊದಲೇ ನೆಲ ಮುಟ್ಟುತ್ತದೆ. ಒಂಬತ್ತು ಅಡಿಗೆ ಮೂರು ಗಜ. ಗೇಮ್‌ನಲ್ಲಿ ಎತ್ತರವನ್ನು ಅಡಿಯಲ್ಲೂ ದೂರವನ್ನು ಗಜದಲ್ಲೂ ತೋರಿಸುತ್ತಿದ್ದರೆ ಈ ಮೂರಕ್ಕೊಂದರ ಲೆಕ್ಕ ಬಾಯಲ್ಲೇ ಮಾಡಬಹುದು. ಈಗ ನಾಲ್ಕನೇ ನಂಬರ್ 197ಕ್ಕೆ ಬೀಳುತ್ತದೆ. ಬಾವುಟದ ಬುಡ! ‘ಕೂರಿಸು’ ಅಂತ ಕೇಳಿಸಿಕೊಂಡವರು ಇದನ್ನೇ ಆರಿಸುತ್ತಾರೆ. ಆದರೆ ಉರುಳು ಸೇರಿಸಿದರೆ ಅದು 207ಕ್ಕೆ ನಿಲ್ಲುತ್ತದೆ. ಗ್ರೀನ್ ದಾಟಿ ಆಯಿತು. ಐದನೆಯದು 187ಕ್ಕೆ ಬೀಳುತ್ತದೆ. ಮುಂದಿನ ಅಂಚಿನಿಂದ ಮೂರು ಗಜ ಒಳಗೆ. ಉರುಳಿ 197ಕ್ಕೆ ನಿಲ್ಲುತ್ತದೆ. ಬಾವುಟಕ್ಕೆ ಒಂದೇ ಗಜ.

ಹಾಗಾದರೆ ಐದನೇ ನಂಬರಿನ ಈ ಹೊಡೆತಕ್ಕೆ ಏನನ್ನಬೇಕು? ಅಲ್ಲಿ ಚೆಂಡನ್ನು ಕೂರಿಸಲಿಲ್ಲ. ಬೀಳಿಸಿ ಉರುಳಿಸಿದೆವು. ನನಗೆ ಸದ್ಯಕ್ಕೆ ಹೊಳೆದಿರೋದು ‘ಉರುಳಿಸಿ ಸೇರಿಸು’. ‘ತಲುಪಿಸು’ ಕೂಡ ಪರವಾಗಿಲ್ಲ, ಆದರೆ ಅದರಲ್ಲಿ ಹೇಗೆ ತಲುಪಿತು ಅನ್ನೋದು ಕಾಣಲ್ಲ. ‘ಮುಟ್ಟಿಸು’ ಅಂದರೆ ಅಂಚಿಗೆ ತಾಗಿಸಿದರೆ ಸಾಕು ಅನ್ನುವ ಅರ್ಥ ಬರುತ್ತದೆ. ಗ್ರೀನ್‌ನ ಮುಂದೆ ಅಡ್ಡಲಾಗಿ ಬಂಕರ್ (ಮರಳಿನ ಹೊಂಡ) ಇದ್ದು, ಮೂರು ಗಜದ ಅಂತರ ನಂಬೋಕೆ ಆಗದಿದ್ದಾಗ ನಾಲ್ಕನೆಯದನ್ನೇ ಹಿಡಿದು ಲಾಫ್ಟ್ (ಮುಖದ ವಾಲು) ಏರಿಸಿ ಹೊಡೆಯಬೇಕಾಗುತ್ತದೆ. ಆಗ ಚೆಂಡು ಇನ್ನೂ ಎತ್ತರಕ್ಕೆ ಹೋಗಿ ಕಡಿದಾಗಿ ಇಳಿಯುತ್ತದೆ, ಬೀಳುವ ದೂರವೂ ಉರುಳೂ ಎರಡೂ ಕಡಿಮೆ ಆಗುತ್ತವೆ. ಅದಕ್ಕೆ ಮಾತ್ರ ‘ಕೂರಿಸು’ ಮತ್ತೆ ಹೊಂದುತ್ತದೆ. ಅಂದರೆ ಪದ ಕ್ಲಬ್‌ಗೆ ಅಂಟಿಕೊಂಡಿಲ್ಲ, ಚೆಂಡು ಇಳಿಯುವ ರೀತಿಗೆ ಅಂಟಿಕೊಂಡಿದೆ. ಈ ವಿಂಗಡಣೆ ನಿಮಗೂ ಒಪ್ಪಿಗೆಯಾ?

ಕ್ಲಬ್‌ನ ಪಕ್ಕದಲ್ಲಿ ತೋರಿಸುವ ಸಂಖ್ಯೆ ಬೀಳುವ ದೂರವೋ ನಿಲ್ಲುವ ದೂರವೋ ಅನ್ನೋದನ್ನು ಮೊದಲೇ ಅಭ್ಯಾಸದ ಮೈದಾನದಲ್ಲಿ ನೋಡಿಕೊಳ್ಳಿ ಅಂತಲೂ ಬರೆಯುತ್ತೇನೆ. ಎಲ್ಲ ಗೇಮ್‌ಗಳೂ ಒಂದೇ ಥರ ತೋರಿಸಲ್ಲ.

ಇನ್ನು ದಿಕ್ಕಿನ ಪದಗಳು. ಇಲ್ಲಿ ನನಗೆ ಕನ್ನಡದ ಮೇಲೆ ಇನ್ನೂ ಜಾಸ್ತಿ ಪ್ರೀತಿ ಬಂತು. ಚೆಂಡು ನೇರವಾಗಿಯೇ ಹೋಗಿ ಪಕ್ಕಕ್ಕೆ ಬೀಳೋದು ಒಂದು, ಗಾಳಿಯಲ್ಲಿ ತಿರುಗಿ ಪಕ್ಕಕ್ಕೆ ಹೋಗೋದು ಇನ್ನೊಂದು. ಮೊದಲನೆಯದಕ್ಕೆ ‘ಓರೆ ಹೋಯಿತು’, ಎರಡನೆಯದಕ್ಕೆ ‘ಬಾಗಿತು’. ಬಲಗೈ ಆಟಗಾರನ ಚೆಂಡು ಎಡದಿಂದ ಬಲಕ್ಕೆ ಮೆಲ್ಲಗೆ ಬಾಗುವಂತೆ ಬೇಕೆಂದೇ ಹೊಡೆದರೆ ಅದು ಫೇಡ್. ಬೇಡದೆ ಜೋರಾಗಿ ಬಾಗಿದರೆ ಸ್ಲೈಸ್. ಕನ್ನಡದಲ್ಲಿ ಇದಕ್ಕೆ ಎರಡು ಹೊಸ ಹೆಸರು ಹುಡುಕಬೇಕಾಗಿಲ್ಲ. ‘ಬಲಕ್ಕೆ ಬಾಗಿಸಿದೆ’ ಅಂದರೆ ಫೇಡ್, ‘ಬಲಕ್ಕೆ ಬಾಗಿಬಿಡ್ತು’ ಅಂದರೆ ಸ್ಲೈಸ್. ಉರುಳು, ಉರುಳಿಸು. ಕೂರು, ಕೂರಿಸು. ಬಾಗು, ಬಾಗಿಸು. ಆಟಗಾರ ಮಾಡಿದ್ದು ಯಾವುದು, ತಾನಾಗಿ ಆದದ್ದು ಯಾವುದು ಅಂತ ಪ್ರತ್ಯಯವೇ ಹೇಳಿಬಿಡುತ್ತದೆ.

ಇದು ಬರೀ ಪದದ ಸೊಗಸಿಗಲ್ಲ. ಲಾಂಗ್ ಐರನ್‌ನಲ್ಲಿ ಬಲಕ್ಕೆ ಬಾಗಿಸಿದ ಚೆಂಡು ಸಾಮಾನ್ಯವಾಗಿ ಎತ್ತರಕ್ಕೆ ಹೋಗಿ ಮೆತ್ತಗೆ ಇಳಿಯುತ್ತದೆ, ಎಡಕ್ಕೆ ಬಾಗಿಸಿದ್ದು ತಗ್ಗಿನಲ್ಲಿ ಹೋಗಿ ಹೆಚ್ಚು ಓಡುತ್ತದೆ. ಗಟ್ಟಿ ಗ್ರೀನ್‌ನಲ್ಲಿ ಉರುಳು ಕಡಿಮೆ ಮಾಡಬೇಕು ಅಂದಾಗ ಬಲಕ್ಕೆ ಬಾಗಿಸೋದು ಒಳ್ಳೆಯ ಉಪಾಯ. ಎಡಗೈ ಆಟಗಾರನಿಗೆ ಎಡಬಲ ಅದಲುಬದಲು ಮಾಡಿಕೊಳ್ಳಿ.

ಓರೆಯ ಬಗ್ಗೆ ಒಂದು ಲೆಕ್ಕ ಹೇಳಲೇಬೇಕು. ಒಂದು ಡಿಗ್ರಿ ಓರೆಯಾದರೆ 100 ಗಜದಲ್ಲಿ ಚೆಂಡು ಒಂದೂ ಮುಕ್ಕಾಲು ಗಜ ಪಕ್ಕಕ್ಕೆ ಹೋಗುತ್ತದೆ. 200 ಗಜದಲ್ಲಿ ಮೂರೂವರೆ ಗಜ. ಎರಡು ಡಿಗ್ರಿಗೆ ಏಳು ಗಜ, ಅಂದರೆ 21 ಅಡಿ. ವೆಜ್‌ನಲ್ಲಿ ಗೊತ್ತೇ ಆಗದ ಬೆರಳಿನ ತಪ್ಪು ಲಾಂಗ್ ಐರನ್‌ನಲ್ಲಿ ಬಂಕರ್ ತೋರಿಸುತ್ತದೆ. ಹೊಸಬರು ಕ್ಲಬ್‌ನ ಮೇಲೆ ಕೋಪ ಮಾಡಿಕೊಳ್ಳುತ್ತಾರೆ, ಪಾಪ. ಬೀಸಿನ ತಪ್ಪು ಎರಡರಲ್ಲೂ ಒಂದೇ, ದೂರ ಮಾತ್ರ ಬೇರೆ.

‘ಬೀಸು’ ಅಂದೆ. ಸ್ವಿಂಗ್‌ಗೆ ಇದು ನನಗೆ ಪೂರ್ತಿ ಒಪ್ಪಿಗೆಯಾದ ಪದ. ಬ್ಯಾಟ್ ಬೀಸಿದ ಅಂತ ದಿನಾ ಕೇಳುತ್ತೇವೆ. ‘ಹೊಡೆ’ ಅಂದರೆ ಚೆಂಡಿಗೆ ತಾಗುವ ಕ್ಷಣ, ‘ಬೀಸು’ ಅಂದರೆ ಹಿಂದಕ್ಕೆ ಎತ್ತಿ ಮುಂದಕ್ಕೆ ತರುವ ಇಡೀ ಚಲನೆ. ಗೇಮ್‌ಗೆ ಈ ವ್ಯತ್ಯಾಸ ತುಂಬಾ ಮುಖ್ಯ. ನಿಂಟೆಂಡೊ 1984ರಲ್ಲಿ ತಂದ ‘ಗಾಲ್ಫ್’ನಲ್ಲಿ ಬಟನ್ ಮೂರು ಸಲ ಒತ್ತಬೇಕಿತ್ತು. ಬೀಸು ಶುರು ಮಾಡಲು ಒಂದು, ಬಲ ಗೊತ್ತುಮಾಡಲು ಒಂದು, ಚೆಂಡು ಸರಿಯಾಗಿ ತಾಗಿಸಲು ಒಂದು. ಆ ಪದ್ಧತಿ ಇವತ್ತಿಗೂ ಇದೆ. ಅದರಲ್ಲಿ ಚೆಂಡು ಪಕ್ಕಕ್ಕೆ ಹೋಗೋದು ಮೂರನೇ ಒತ್ತು ತಪ್ಪಿದಾಗ. ಕಂಟ್ರೋಲರ್‌ನ ಸ್ಟಿಕ್ ಹಿಂದಕ್ಕೆಳೆದು ಮುಂದಕ್ಕೆ ತಳ್ಳುವ ಗೇಮ್‌ಗಳಲ್ಲಿ ತಳ್ಳುವ ದಾರಿ ಡೊಂಕಾದರೂ, ವೇಗ ಹೆಚ್ಚುಕಡಿಮೆ ಆದರೂ ಚೆಂಡು ಪಕ್ಕಕ್ಕೆ ಹೋಗುತ್ತದೆ. ದೂರ ಜಾಸ್ತಿ ಇದೆ ಅಂತ ಸ್ಟಿಕ್ ಜೋರಾಗಿ ತಳ್ಳೋದು ಲಾಂಗ್ ಐರನ್ ಹಿಡಿದವರ ಸಾಮಾನ್ಯ ಚಾಳಿ. ದೂರ ಕೊಡೋದು ಕ್ಲಬ್‌ನ ಕೆಲಸ. ಬೀಸಿನ ವೇಗ ವೆಜ್‌ಗೆ ಹೇಗೋ ಇದಕ್ಕೂ ಹಾಗೇ ಇರಲಿ. ಟೆಂಪೋಗೆ, ಅಂದರೆ ಬೀಸಿನ ವೇಗದ ಹದಕ್ಕೆ, ‘ಲಯ’ ಅಂತ ಬರೆದಿದ್ದೇನೆ. ಹಾಡಿನ ಪದ ಅಂತ ಯಾರಿಗಾದರೂ ಅನ್ನಿಸಿದರೆ ಹೇಳಿ, ಆದರೆ ನನಗೆ ಬಿಡಲು ಮನಸ್ಸಿಲ್ಲ.

ಚೆಂಡು ನೆಲದಲ್ಲಿ ಇರುವ ರೀತಿಗೆ ಹೇಳುವ ಲೈ ಅನ್ನುವ ಪದಕ್ಕೆ ಕನ್ನಡದಲ್ಲಿ ನಾಮಪದ ಹುಡುಕಿ ಸುಸ್ತಾದೆ. ‘ಚೆಂಡಿನ ಸ್ಥಿತಿ’ ಅಂದರೆ ಚೆಂಡು ಹಳತಾಗಿದೆಯಾ ಹರಿದಿದೆಯಾ ಅನ್ನುವ ಹಾಗೆ ಕೇಳಿಸುತ್ತದೆ. ‘ಚೆಂಡು ಹೇಗೆ ಕೂತಿದೆ’ ಅಂತ ವಾಕ್ಯದಲ್ಲೇ ಹೇಳೋದು ವಾಸಿ. ಹುಲ್ಲಿನ ಮೇಲೆ ಕೂತಿದೆ, ಹುಲ್ಲಲ್ಲಿ ಹುದುಗಿದೆ. ಹುದುಗಿದ ಚೆಂಡಿಗೆ ಲಾಂಗ್ ಐರನ್ ಬೇಡ. ಮುಖ ನೆಟ್ಟಗಿರುವ ಕ್ಲಬ್‌ಗೆ ಹುಲ್ಲು ಅಡ್ಡ ಬರುತ್ತದೆ, ಚೆಂಡು ಮೇಲೇಳಲ್ಲ. ಹೈಬ್ರಿಡ್ (ಹುಲ್ಲಿನಿಂದ ಚೆಂಡನ್ನು ಸುಲಭವಾಗಿ ಎತ್ತುವ ಕ್ಲಬ್) ಇದ್ದರೆ ಅದು, ಇಲ್ಲದಿದ್ದರೆ ಚಿಕ್ಕ ಐರನ್‌ನಿಂದ ಗ್ರೀನ್‌ನ ಮುಂದಕ್ಕೆ ತಂದು ಇಡಿ.

ಗಾಳಿಗೆ ಎದುರುಗಾಳಿ, ಅಡ್ಡಗಾಳಿ ಇದ್ದೇ ಇವೆ. ಹಿಂದಿನಿಂದ ಬೀಸುವ ಗಾಳಿಗೆ ‘ಬೆನ್ನಗಾಳಿ’ ಅಂತ ಇಟ್ಟಿದ್ದೇನೆ. ಎದುರುಗಾಳಿ ಕಿತ್ತುಕೊಳ್ಳುವಷ್ಟು ದೂರವನ್ನು ಅದೇ ವೇಗದ ಬೆನ್ನಗಾಳಿ ಕೊಡಲ್ಲ. ಆದರೆ ಬೆನ್ನಗಾಳಿಯಲ್ಲಿ ಇಳಿತ ಚಪ್ಪಟೆಯಾಗಿ ಉರುಳು ಹೆಚ್ಚುತ್ತದೆ, ಆದ್ದರಿಂದ ಆಗಲೂ ಬೀಳಿಸುವ ಜಾಗವನ್ನು ಇನ್ನಷ್ಟು ಈಚೆಗೆ ತರಬೇಕು.

ಕೊನೆಗೆ ನಂಬರ್ ಹೇಳುವ ರೀತಿ. ಹಿಂದೆ ಕ್ಲಬ್‌ಗಳಿಗೆ ಮ್ಯಾಶಿ, ನಿಬ್ಲಿಕ್ ಅಂತ ಹೆಸರುಗಳಿದ್ದವು. ಆಮೇಲೆ ನಂಬರ್ ಬಂದು ಹೆಸರು ಹೋದವು. ನಾನು ‘ನಾಲ್ಕನೇ ನಂಬರ್ ಐರನ್’ ಅಂತ ಬರೆಯುತ್ತಿದ್ದೇನೆ. ಬರೀ ‘ನಾಲ್ಕನೇ ಐರನ್’ ಅಂದರೆ ಚೀಲದಲ್ಲಿ ಸಾಲಿನ ನಾಲ್ಕನೆಯದು ಅಂತ ಹೊಸಬರು ಎಣಿಸಬಹುದು. ‘ನಾಲ್ಕು ಐರನ್’ ಅಂದರೆ ನಾಲ್ಕು ಕ್ಲಬ್ ಆಗಿಬಿಡುತ್ತದೆ. ಲಾಂಗ್ ಐರನ್ ಅನ್ನುವ ಹೆಸರನ್ನಂತೂ ಹಾಗೇ ಬಿಟ್ಟಿದ್ದೇನೆ. ‘ಉದ್ದ ಕಬ್ಬಿಣ’ ಅಂತ ಮಾಡಿದರೆ ಓದುವವರಿಗೆ ಸರಳು ನೆನಪಾಗುತ್ತದೆಯೇ ಹೊರತು ಕ್ಲಬ್ ಅಲ್ಲ.

ಹಾಗಾಗಿ ನನಗೆ ಮುಖ್ಯವಾಗಿ ಬೇಕಾದದ್ದು ಎರಡು. ‘ಉರುಳಿಸಿ ಸೇರಿಸು’ ಎರಡು ಪದ ಆಯಿತು. ಆಡುವಾಗ ಪಕ್ಕದಲ್ಲಿ ಕೂತವರಿಗೆ ಥಟ್ಟನೆ ಹೇಳಲು ಒಂದೇ ಕ್ರಿಯಾಪದ ಇದೆಯಾ? ಗೋಲಿ, ಲಗೋರಿ, ಕ್ರಿಕೆಟ್, ಯಾವ ಆಟದಿಂದ ಬಂದದ್ದಾದರೂ ಸರಿ. ಇನ್ನು ‘ಬೀಳುವ ದೂರ’ ಅನ್ನೋದನ್ನು ಇನ್ನೂ ಚಿಕ್ಕದು ಮಾಡಿ ‘ಬೀಳ್ದೂರ’ ಅಂತ ಒಬ್ಬ ಗೆಳೆಯರು ಸೂಚಿಸಿದ್ದಾರೆ. ಕಿವಿಗೆ ನನಗೆ ಒಗ್ಗುತ್ತಿಲ್ಲ. ಪರದೆ ಮೇಲೆ ಜಾಗ ಕಡಿಮೆ ಇರುವ ಕಡೆ ಅದನ್ನೇ ಬಳಸಬಹುದಾ, ಅಥವಾ ‘ಬೀಳು’, ‘ಉರುಳು’, ‘ನಿಲ್ಲು’ ಅಂತ ಮೂರು ಬರೀ ಕ್ರಿಯಾಪದ ಬರೆದು ಎದುರಿಗೆ ಗಜ ಹಾಕಿದರೆ ಸಾಕಾ?