ಡ್ರಾಯಿಂಗ್ ಬದಲಾದಾಗ ಟೂಲ್‌ಪಾತ್ ಯಾಕೆ ತಪ್ಪುತ್ತದೆ?

ಪ್ರಶ್ನೆ: ನಮಸ್ಕಾರ ಸರ್. ಪೀಣ್ಯದ ಸಣ್ಣ ಶಾಪ್ ಒಂದರಲ್ಲಿ ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಮಷಿನ್) ಪ್ರೋಗ್ರಾಂ ಬರೆಯುತ್ತೇನೆ. ಪಾರ್ಟ್ ಬಿಡಿಸಲು, ಟೂಲ್‌ಪಾತ್ (ಕಟರ್ ಸಾಗುವ ದಾರಿ) ಮಾಡಲು ಫ್ರೀಕ್ಯಾಡ್ 1.0 ಸಾಫ್ಟ್‌ವೇರ್ ಬಳಸುತ್ತೇನೆ. 80×50ರ ಅಲ್ಯೂಮಿನಿಯಂ ಪ್ಲೇಟ್, ದಪ್ಪ 12 ಮಿಮೀ. ಕಸ್ಟಮರ್ ಉದ್ದ 90, ದಪ್ಪ 15 ಮಾಡಿ ಎಂದರು. ಮಾಡೆಲ್ ತಿದ್ದಿ, ರೀಕಂಪ್ಯೂಟ್ ಮಾಡಿ (ಮತ್ತೆ ಲೆಕ್ಕ ಹಾಕಿಸಿ) ಮಷಿನ್‌ಗೆ ಹಾಕಿದೆ. 6 ಮಿಮೀ ತೂತುಗಳು ಆರಪಾರ ಹೋಗಲಿಲ್ಲ. ಅದೂ ಅಲ್ಲದೆ ಎಲ್ಲವೂ ಒಂದು ಪಕ್ಕಕ್ಕೆ 5 ಮಿಮೀ ಸರಿದಿತ್ತು. ಟೂಲ್‌ಪಾತ್ ಮಾಡೆಲ್ ಜೊತೆ ತಾನೇ ಬದಲಾಗಬೇಕಲ್ವಾ?

ಉತ್ತರ: ಬದಲಾಗುತ್ತದೆ, ಆದರೆ ನೀವು ಕೈಯಿಂದ ಹಾಕಿದ ಅಂಕಿ ಬದಲಾಗುವುದಿಲ್ಲ. ಡ್ರಿಲ್ಲಿಂಗ್‌ನ ಕೊನೆಯ ಆಳಕ್ಕೆ, ಹಳೆಯ ದಪ್ಪ 12ಕ್ಕೆ 2 ಸೇರಿಸಿ, –14 ಎಂದು ಟೈಪ್ ಮಾಡಿದ್ದೀರಾ ನೋಡಿ. ಅಂಕಿ ಟೈಪ್ ಮಾಡಿದ ಕೂಡಲೇ ಆ ಜಾಗದ ಲಿಂಕ್ ಹೋಗುತ್ತದೆ. ಸ್ಪ್ರೆಡ್‌ಶೀಟ್‌ನ ಒಂದು ಸೆಲ್‌ಗೆ ‘thickness’ (ದಪ್ಪ) ಎಂದು ಹೆಸರಿಡಿ. ಪ್ಯಾಡ್‌ (ಸ್ಕೆಚ್‌ಗೆ ದಪ್ಪ ಕೊಡುವ ಫೀಚರ್) ಕೂಡ ಅದನ್ನೇ ಓದಲಿ, ಡ್ರಿಲ್ ಆಳ ಕೂಡ ಅದನ್ನೇ ಓದಲಿ. ಆಳಕ್ಕೆ ಆ ದಪ್ಪದ ಮೇಲೆ 2 ಮಿಮೀ ಜಾಸ್ತಿ ಕೊಡಿ. ತುದಿಯ ಕೋನ 118 ಡಿಗ್ರಿ ಇರುವ 6 ಮಿಮೀ ಡ್ರಿಲ್‌ಗೆ ಚೂಪು ಮೂತಿಯೇ ಸುಮಾರು 1.8 ಮಿಮೀ ಉದ್ದ ಇರುತ್ತದೆ.

ಇನ್ನು 5 ಮಿಮೀ ಸರಿದದ್ದು. ಪ್ಲೇಟಿನ ನಡುವನ್ನು ಒರಿಜಿನ್‌ಗೆ (0,0 ಬಿಂದುವಿಗೆ) ಇಟ್ಟು ಬಿಡಿಸಿದ್ದೀರಿ, ಆಮೇಲೆ ಮಷಿನಿಂಗ್‌ಗೆ ಸಿದ್ಧ ಮಾಡುವ ಜಾಬ್‌ನಲ್ಲಿ ಮೂಲೆಯನ್ನು ಜೀರೋಗೆ ತಂದಿದ್ದೀರಿ ಅನ್ನಿಸುತ್ತದೆ. ಜಾಬ್ ಅಷ್ಟು ದೂರವನ್ನು ಒಮ್ಮೆ ಸರಿಸಿ ಹಾಗೇ ಇಟ್ಟುಕೊಳ್ಳುತ್ತದೆ. ಉದ್ದ 10 ಮಿಮೀ ಬೆಳೆದಾಗ ಎಡಗಡೆ ಮೂಲೆ 5 ಮಿಮೀ ಆಚೆ ಹೋಯಿತು, ಜೀರೋ ಮಾತ್ರ ಅಲ್ಲೇ ಉಳಿಯಿತು. ಮಷಿನ್‌ನಲ್ಲಿ ಯಾವ ಮೂಲೆ ಹಿಡಿಯುತ್ತೀರೋ, ಸ್ಕೆಚ್‌ನಲ್ಲಿ ಆ ಮೂಲೆಯನ್ನೇ ಒರಿಜಿನ್‌ಗೆ ಇಟ್ಟು ಶುರು ಮಾಡಿ. ಇದೊಂದು ಅಭ್ಯಾಸ ಎಷ್ಟೋ ಜಾಬ್‌ಗಳನ್ನು ಉಳಿಸುತ್ತದೆ.

ಮರುಪ್ರಶ್ನೆ: ಹೌದು ಸರ್, ಎರಡೂ ಹಾಗೇ ಇತ್ತು! ಇನ್ನೊಂದು. ಪಕ್ಕದಲ್ಲಿ ಒಂದು ಸ್ಲಾಟ್ (ಉದ್ದನೆಯ ಸೀಳು) ಸೇರಿಸಿದಾಗ ಪಾಕೆಟ್ (ಗುಳಿ ಕೊರೆಯುವ) ಆಪರೇಷನ್ ಬೇರೆ ಮುಖವನ್ನೇ ಹಿಡಿದಿತ್ತು. ಎರರ್ ಕೂಡ ತೋರಿಸಲಿಲ್ಲ.

ಉತ್ತರ: ಎರರ್ ಬಾರದೆ ತಪ್ಪುವುದೇ ನಿಜವಾದ ಅಪಾಯ. ಪಾಕೆಟ್‌ನ ತಳ ಎಂದು ನೀವು ಆರಿಸಿದ್ದನ್ನು ಸಾಫ್ಟ್‌ವೇರ್ ‘ಫೇಸ್ 12’ ಎಂಬಂಥ ಹೆಸರಲ್ಲಿ ನೆನಪಿಡುತ್ತದೆ. ನಡುವೆ ಹೊಸ ಸ್ಲಾಟ್ ಬಂದರೆ ಮುಖಗಳ ನಂಬರ್ ಅದಲುಬದಲಾಗಬಹುದು. 2024ರ ನವೆಂಬರ್‌ನಲ್ಲಿ ಬಂದ 1.0ರಲ್ಲಿ ಇದನ್ನು ಬಹಳ ಕಡಿಮೆ ಮಾಡಿದ್ದಾರೆ, ಪೂರ್ತಿ ಹೋಗಿಲ್ಲ. ಅದಕ್ಕೇ ಫಿಲೆಟ್ (ಅಂಚಿನ ಗುಂಡು), ಚಾಂಫರ್ (ಅಂಚಿನ ಓರೆ)‌ಗಳನ್ನು ಫೀಚರ್‌ಗಳ ಪಟ್ಟಿಯ (ಟ್ರೀ) ಕೊನೆಗೆ ಇಡಿ. ಹೊಸ ಫೀಚರನ್ನು ಆದಷ್ಟು ಹಳೆಯದರ ಕೆಳಗೇ ಸೇರಿಸಿ. ತಿದ್ದಿದ ಮೇಲೆ ಪ್ರತಿ ಆಪರೇಷನ್ ತೆರೆದು ಯಾವ ಮುಖ ಹಿಡಿದಿದೆ ಎಂದು ಕಣ್ಣಾರೆ ನೋಡಿ, ಸಿಮ್ಯುಲೇಷನ್ ಓಡಿಸಿ. ಹತ್ತು ನಿಮಿಷ ಹೋದರೂ ಪರವಾಗಿಲ್ಲ.

ಮತ್ತೊಬ್ಬರು: ಕಸ್ಟಮರ್ ಸ್ಟೆಪ್ ಫೈಲ್ (ಬೇರೆ ಬೇರೆ ಕ್ಯಾಡ್ ಸಾಫ್ಟ್‌ವೇರ್ ನಡುವೆ ಮಾಡೆಲ್ ಸಾಗಿಸುವ ಫೈಲ್) ಮಾತ್ರ ಕಳಿಸಿದರೆ?

ಉತ್ತರ: ಅದರಲ್ಲಿ ಹೇಗೆ ಬಿಡಿಸಿದರು ಎಂಬ ಹಿಸ್ಟರಿ ಬರುವುದಿಲ್ಲ, ಬರೀ ಆಕಾರ ಬರುತ್ತದೆ. ಹೊಸ ಫೈಲ್ ಬಂದಾಗ ಮುಖಗಳನ್ನು ಮತ್ತೆ ಆರಿಸಲೇಬೇಕಾಗಬಹುದು. ಪದೇ ಪದೇ ಬದಲಾಗುವ ಸರಳ ಪಾರ್ಟ್ ಆದರೆ ನಾನು ಅಳತೆ ನೋಡಿ ನಾನೇ ಮತ್ತೆ ಬಿಡಿಸಿಕೊಳ್ಳುತ್ತೇನೆ.

ಒಂದು ಮಾತು ಬಿಟ್ಟುಹೋಯಿತು. ಪೋಸ್ಟ್ ಮಾಡಿದ (ಟೂಲ್‌ಪಾತ್‌ನಿಂದ ಹೊರತೆಗೆದ) ಜಿ-ಕೋಡ್ (ಮಷಿನ್ ಓದುವ ಆದೇಶಗಳ) ಫೈಲ್‌ಗೆ ಮಾಡೆಲ್ ಜೊತೆ ಯಾವ ಲಿಂಕೂ ಇಲ್ಲ. ಪ್ರತಿ ಸಲ ಹೊಸದಾಗಿ ಪೋಸ್ಟ್ ಮಾಡಿ, ಹೆಸರಲ್ಲಿ ರಿವಿಷನ್ ನಂಬರ್ ಹಾಕಿ, ಕಂಟ್ರೋಲರ್‌ನಲ್ಲಿರುವ ಹಳೆಯದನ್ನು ಅಳಿಸಿಬಿಡಿ. ನೈಟ್ ಶಿಫ್ಟ್ ಆಪರೇಟರ್ ಕೈಗೆ ಹಳೇ ಪ್ರೋಗ್ರಾಂ ಸಿಗಬಾರದು.